ಅಕ್ಕನ ಕಣಗಿಲೆ ಮತ್ತು ನನ್ನ ಲ್ಯಾಂಡ್‌ಸ್ಕೇಪು

ಗದಗ-ಬೆಟಗೇರಿಯಲ್ಲಿ ನಲ್ಲಿ ನೀರು ಬರುವ ದಿನ ಯಾರೂ ಮನೆಗೆ ಬೀಗ ಹಾಕಿ ಹೋಗುವುದಿಲ್ಲ. ಎಂಥ ಹತ್ತಿರದವರ ಮದುವೆಯಿದ್ದರೂ ಒಬ್ಬರು ಉಳಿಯುತ್ತಾರೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬರುವ ಆ ನೀರನ್ನು ಟಾಕಿಗೆ, ಡ್ರಮ್ಮಿಗೆ, ಕೊಡಕ್ಕೆ, ಬೋಗಾಣಿಗೆ, ಕಡೆಗೆ ಚಹಾದ ಪಾತ್ರೆಗೂ ತುಂಬಿಟ್ಟುಕೊಂಡ ಮೇಲೆಯೇ ನಮ್ಮ ಓಣಿ ಉಸಿರು ಬಿಡುವುದು. ಇಂಥ ಊರಿನಲ್ಲಿ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬ ತನ್ನ ಹಿತ್ತಿಲಲ್ಲಿ ಹಸಿರು ಹುಲ್ಲು ಹಾಸಿಸಿ, ಅದರ ನಡುವೆ ಕಮಲದ ಕೊಳ ಕಟ್ಟಿಸಿದ ಎಂದರೆ ಅವನನ್ನು ನೀವು ಏನೆಂದು ಬೇಕಾದರೂ ಕರೆಯಿರಿ. ನನ್ನ ಹೆಂಡತಿ ಕರೆದದ್ದಕ್ಕಿಂತ ಕೆಟ್ಟದಾಗಿ ಕರೆಯುವುದು ನಿಮ್ಮಿಂದ ಆಗುವ ಕೆಲಸವಲ್ಲ.

ಆ ಮುಖ್ಯೋಪಾಧ್ಯಾಯ ನಾನೇ. ಹುಲ್ಲು ಒಣಗಿದ್ದಕ್ಕೆ ನನಗೆ ದುಃಖವಿಲ್ಲ, ಒಣಗುವುದು ಅದರ ಹಣೆಯಲ್ಲೇ ಬರೆದಿತ್ತು. ಆದರೆ ಆ ಚೆಂದಗಾಣಿಸುವ ಹುಚ್ಚಿನಲ್ಲಿ ನನ್ನ ಅಕ್ಕನ ಕಣಗಿಲೆ ಗಿಡವನ್ನು ಬೇರುಸಹಿತ ಕೀಳಿಸಿಬಿಟ್ಟೆ. ಅದನ್ನು ಅವಳಿಗೆ ಮರಳಿ ಕೊಡಲು ಪಟ್ಟ ಪಾಡೇ ಈ ಬರಹ. ಕೊಡಬೇಕಾದದ್ದು ಏನು ಎಂಬುದೇ ಬಹಳ ದಿನ ನನಗೆ ತಿಳಿದಿರಲಿಲ್ಲ ಎನ್ನುವುದು ಇನ್ನೊಂದು ಮಾತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಇಂಥವು ತಡವಾಗಿಯೇ ತಿಳಿಯುತ್ತವೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮುಂಡರಗಿಗೆ ಕೊಟ್ಟಿದ್ದರು. ಏಳು ವರ್ಷ ಸಂಸಾರ ಮಾಡಿದಳು, ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡ. ಆಮೇಲೆ ಆ ಮನೆಯ ಗಂಡಸರು ಸೇರಿ ಮಾತಾಡಿ, ಅವಳು ತವರಿಗೆ ಹೋಗುವುದೇ ಎಲ್ಲರಿಗೂ ಚಲೋ ಎಂದು ತೀರ್ಮಾನಿಸಿದರು. ಆ ಎಲ್ಲರಲ್ಲಿ ಅಕ್ಕ ಇರಲಿಲ್ಲ. ನಮ್ಮ ತಂದೆ ತಾಯಿ ಆಗಲೇ ಇರಲಿಲ್ಲವಾದ್ದರಿಂದ ತವರೆಂದರೆ ನನ್ನ ಮನೆಯೇ. ಆಗಷ್ಟೇ ಕಟ್ಟಿ ಮುಗಿಸಿದ ಮನೆ, ಹಿತ್ತಿಲು ತುಂಬ ಇಟ್ಟಿಗೆ ಚೂರು, ಗಚ್ಚಿನ ಗಟ್ಟಿ. ಅಕ್ಕ ಒಂದು ಟ್ರಂಕು ಮತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಣಗಿಲೆ ಕಡ್ಡಿ ಹಿಡಿದುಕೊಂಡು ಬಂದಳು. ಟ್ರಂಕನ್ನು ಪಡಸಾಲೆಯಲ್ಲಿ ಇಟ್ಟವಳೇ, ನೀರು ಸಹ ಕುಡಿಯದೆ ಹಿಂದೆ ಹೋಗಿ, ಬಚ್ಚಲ ನೀರು ಹೊರಬೀಳುವ ಕಡೆ ಇಟ್ಟಿಗೆ ಚೂರು ಸರಿಸಿ ಆ ಕಡ್ಡಿ ಊರಿದಳು. ಯಾರನ್ನೂ ಒಂದು ಮಾತು ಕೇಳಲಿಲ್ಲ. ಹೊಸ ಮನೆಯ ಮಾಲಕನಾದ ನನಗೆ ಆಗ ಅದು ತುಸು ಚುಚ್ಚಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಇಪ್ಪತ್ತೆರಡು ವರ್ಷಗಳಲ್ಲಿ ಆ ಕಡ್ಡಿ ಛಾವಣಿ ಮುಟ್ಟುವಷ್ಟಾಯಿತು. ಅದರ ಸುತ್ತ ಅಕ್ಕನ ಹಿತ್ತಿಲು ಬೆಳೆಯಿತು. ಕರಿಬೇವು, ದುಂಡುಮಲ್ಲಿಗೆ, ಮೂರು ಬಣ್ಣದ ದಾಸವಾಳ, ನಂದಿಬಟ್ಟಲು, ಒಗೆಯುವ ಕಲ್ಲಿನ ಬದಿಗೆ ಕೆಸು, ಗೋಡೆಗೆ ಹಬ್ಬಿದ ಹೀರೆಬಳ್ಳಿ. ಅದರಲ್ಲಿ ಒಂದೂ ಕೊಂಡು ತಂದದ್ದಲ್ಲ. ಎಲ್ಲವೂ ಕದ್ದದ್ದು. ನಮ್ಮ ಕಡೆಯ ಹೆಣ್ಣುಮಕ್ಕಳ ಒಂದು ಗಟ್ಟಿ ನಂಬಿಕೆಯೆಂದರೆ, ಕೇಳಿ ತಂದ ಕಡ್ಡಿ ಒಣಗುತ್ತದೆ, ಕದ್ದು ತಂದದ್ದು ಚಿಗಿಯುತ್ತದೆ. ಈ ಕಳವಿಗೂ ರೀತಿ ರಿವಾಜು ಉಂಟು. ಮನೆಯಲ್ಲಿ ಯಾರೂ ಇಲ್ಲದಾಗ ಮುರಿದರೆ ಅದು ನಿಜವಾದ ಕಳ್ಳತನ, ಹಾಗೆ ಮಾಡಬಾರದು. ಮನೆಯವರು ಒಳಗಿರಬೇಕು, ನೀವು ಮುರಿಯುವುದು ಅವರ ಕಣ್ಣಿಗೆ ಬಿದ್ದರೆ ಅವರು ಮುಖ ತಿರುಗಿಸಬೇಕು, ನೀವು ಸೆರಗಿನೊಳಗೆ ಅಡಗಿಸಿಕೊಂಡು ಬಾಗಿಲಲ್ಲಿ ನಿಂತು ಇನ್ನೂ ಹತ್ತು ನಿಮಿಷ ಬೇರೇನೋ ಮಾತಾಡಿ ಬರಬೇಕು. ಮಲ್ಲಿಗೆ ಲಕ್ಷ್ಮೇಶ್ವರದ್ದು. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಇದ್ದಾಗ ನಮ್ಮ ಆಡಳಿತ ಮಂಡಳಿಯ ಹಿರಿಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ನಾನು ಒಳಗೆ ಹೋಳಿಗೆ ತಿನ್ನುತ್ತ ಶಿಸ್ತಿನ ಬಗ್ಗೆ ಮಾತಾಡುತ್ತಿದ್ದೆ, ಅಕ್ಕ ಹೊರಗೆ ಅವರ ಮಲ್ಲಿಗೆ ಮುರಿಯುತ್ತಿದ್ದಳು.

ಕಣಗಿಲೆಯೂ ಅತ್ತೆಮನೆಯಿಂದ ಕದ್ದು ತಂದದ್ದೇ ಎಂದು ಬಳಗದಲ್ಲೆಲ್ಲ ಮಾತು. ಮದುವೆ ಮುಂಜಿಗಳಲ್ಲಿ ಯಾರಾದರೂ, "ಏಳ ವರ್ಷ ಬಾಳೇವು ಮಾಡಿ ಏನ್ ತಂದೆವ್ವಾ? ಒಂದ್ ಕಣಗಿಲ ಕಡ್ಡಿ!" ಎಂದು ಕಾಡಿಸುತ್ತಿದ್ದರು. ಅಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಎಲ್ಲರ ಜೊತೆಗೆ ನಗುತ್ತಿದ್ದಳು. ಕಾಡಿಸಿದವರಲ್ಲಿ ನಾನೇ ಮೊದಲಿಗ.

ಬೆಳಗಾದರೆ ಓಣಿಯ ಹೆಂಗಸರು ಪೂಜೆಯ ಹೂವಿಗೆ ಹಿತ್ತಿಲ ಬಾಗಿಲಿಂದ ಬರುತ್ತಿದ್ದರು. ನಮ್ಮ ಮನೆಯ ಮುಂಬಾಗಿಲಲ್ಲಿ ನನ್ನ ಹೆಸರಿನ ಫಲಕವಿತ್ತು, ಹಿಂಬಾಗಿಲು ಅಕ್ಕನದು. ಮುಂಬಾಗಿಲಿಗೆ ಬರುವವರು ಕಡಿಮೆ.

ನಿವೃತ್ತಿಯಾಯಿತು. ನನ್ನ ಜೊತೆ ಕೆಲಸ ಮಾಡಿದ ಗಣಿತದ ಮಾಸ್ತರರು ಊರ ಹೊರಗೆ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರು. ಹೋದರೆ ಮನೆ ತೋರಿಸಲಿಲ್ಲ, ಸೀದಾ ಹಿಂದೆ ಕರೆದೊಯ್ದರು. ಅಲ್ಲಿ ಬಿಲಿಯರ್ಡ್ಸ್ ಮೇಜಿನಂಥ ಹುಲ್ಲು, ಬಿಳಿ ಹರಳುಗಳು, ಬಾಯಿಂದ ನೀರು ಉಗುಳುವ ಕಲ್ಲಿನ ಮೀನು. "ಲ್ಯಾಂಡ್‌ಸ್ಕೇಪ್ ಮಾಡಿಸೀನ್ರಿ ಸರ್ರ. ಮನಿ ಅಂದ ಮ್ಯಾಲ ಅದೊಂದ್ ಬೇಕಲ್ಲ," ಎಂದರು. ಇಡೀ ನೌಕರಿಯಲ್ಲಿ ಒಂದು ದಿನವೂ ಸಮಯಕ್ಕೆ ಸರಿಯಾಗಿ ಶಾಲೆಗೆ ಬಾರದ ಮನುಷ್ಯ! ನನಗೆ ಜಿಲೇಬಿ ಗಂಟಲಲ್ಲಿ ಇಳಿಯಲಿಲ್ಲ. ಮನೆಗೆ ಬಂದು ನಮ್ಮ ಹಿತ್ತಿಲು ನೋಡಿದೆ. ಕೆಸುವಿನ ಎಲೆಯ ಮೇಲೆ ಸಾಬೂನಿನ ನೊರೆ, ಹೀರೆಬಳ್ಳಿಯ ಮೇಲೆ ನನ್ನದೇ ಬನಿಯನ್ನು. ನಾಗರಿಕತೆ ನಮ್ಮ ಮನೆಗೆ ಬಂದೇ ಇಲ್ಲ ಎನಿಸಿತು.

ಅವರ ಡಿಸೈನರನೇ ನಮ್ಮಲ್ಲಿಗೂ ಬಂದ. ಹುಬ್ಬಳ್ಳಿ ಕಡೆಯವನು, ನಲವತ್ತರ ಆಸುಪಾಸು, ಕೂದಲು ಹಿಂದೆ ಕಟ್ಟಿಕೊಂಡಿದ್ದ. ಮಣ್ಣು ಮುಟ್ಟಲಿಲ್ಲ, ಲ್ಯಾಪ್‌ಟಾಪು ತೆಗೆದ.

"ಸರ್, ನಿಮ್ಮ ಹಿತ್ತಿಲಿಗೆ ಒಂದು ಕಾನ್ಸೆಪ್ಟ್ ಇಲ್ಲ," ಎಂದ. ಇಷ್ಟು ವರ್ಷ ಕಾನ್ಸೆಪ್ಟ್ ಇಲ್ಲದೆ ಬಟ್ಟೆ ಒಗೆದದ್ದಕ್ಕೆ ನನಗೆ ನಾಚಿಕೆಯಾಯಿತು. "ನಾನು ಲಕ್ಕುಂಡಿ ಥೀಮ್ ಕೊಡ್ತೀನಿ. ಮೆಟ್ಟಿಲು ಬಾವಿ ತರಹ ಒಂದು ಚಿಕ್ಕ ಕಮಲದ ಕೊಳ, ಸುತ್ತ ಲಾನ್, ಎರಡು ಕುರ್ಚಿ."

ಲಕ್ಕುಂಡಿಗೆ ನಾನು ಮಕ್ಕಳನ್ನು ಎಷ್ಟು ಸಲ ಪ್ರವಾಸ ಕರೆದೊಯ್ದಿದ್ದೇನೋ ಲೆಕ್ಕವಿಲ್ಲ. ಅಲ್ಲಿಯ ಬಾವಿಗಳ ಮುಂದೆ ನಿಂತು, ನಮ್ಮ ಹಿರಿಯರು ನೀರು ಎಲ್ಲಿದೆಯೆಂದು ನೋಡಿ ಆಮೇಲೆ ಮೆಟ್ಟಿಲು ಕಟ್ಟಿದರು ಎಂದು ಪ್ರತಿ ಸಲವೂ ಭಾಷಣ ಮಾಡಿದ್ದೇನೆ. ಈಗ ಮೊದಲು ಮೆಟ್ಟಿಲು ಕಟ್ಟಿ, ನೀರನ್ನು ಟ್ಯಾಂಕರಿನಲ್ಲಿ ತರಿಸುವ ಪದ್ಧತಿಗೆ ತಲೆದೂಗಿದೆ.

ಡಿಸೈನರ ಚಿತ್ರ ತೋರಿಸಿದ. ಹಸಿರು ಹುಲ್ಲಿನ ಮೇಲೆ ಬಿಳಿಯ ಗಂಡ ಹೆಂಡತಿ ಇಬ್ಬರು ಗಾಜಿನ ಲೋಟ ಹಿಡಿದು ಕುಳಿತಿದ್ದರು.

"ಇವರ್ಯಾರ್ರಿ? ಇವರೂ ನಮ್ಮನ್ಯಾಗ ಇರ್ತಾರೇನು?" ಎಂದು ನನ್ನ ಹೆಂಡತಿ ಕೇಳಿದಳು.

"ಇಲ್ಲ ಮೇಡಂ, ಅವರು ಅಳತೆ ಗೊತ್ತಾಗ್ಲಿ ಅಂತ ಅಷ್ಟೇ."

"ಒಗಿಯೋ ಕಲ್ಲು ಎಲ್ಲೈತ್ರಿ ಇದರಾಗ?"

"ಅದು ಬರಲ್ಲ ಮೇಡಂ. ವಾಷಿಂಗ್ ಮಷಿನ್ ಇದೆಯಲ್ಲ."

"ಐತಿ. ಮಷೀನಿಗೂ ನೀರು ಬೇಕಂತ್ರಿ," ಎಂದು ಹೇಳಿ ಅವಳು ಒಳಗೆ ಹೋದಳು. ಆ ಚಿತ್ರದಲ್ಲಿ ಇನ್ನೂ ಯಾರು ಯಾರು ಇಲ್ಲ ಎಂದು ನೋಡುವ ಬುದ್ಧಿ ನನಗೆ ಆಗ ಬರಲಿಲ್ಲ.

ಕೊಳ ಬರುವ ಜಾಗ ಸರಿಯಾಗಿ ಕಣಗಿಲೆ ಇದ್ದ ಜಾಗವೇ. ಡಿಸೈನರ ಅದನ್ನು ನೋಡಿ ಮೂಗು ಮುರಿದ. "ಇದು ಹೈವೇ ಗಿಡ ಸರ್. ಡಿವೈಡರ್‌ನಲ್ಲಿ ಹಾಕ್ತಾರೆ. ಇದಿದ್ರೆ ಲುಕ್ ಬರಲ್ಲ." ನನಗೆ ಖರೇನೇ ಆ ಕ್ಷಣದಲ್ಲಿ ಗಿಡ ಬೇರೆಯಾಗಿ ಕಂಡಿತು. ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಹೊಗೆ ಕುಡಿಯುತ್ತ ನಿಂತ ಕಣಗಿಲೆಗಳೆಲ್ಲ ಕಣ್ಣ ಮುಂದೆ ಬಂದವು.

ಅಷ್ಟರಲ್ಲಿ ಶಿರಹಟ್ಟಿಯಲ್ಲಿ ನೆಂಟರ ಹುಡುಗಿಯೊಬ್ಬಳ ಬಾಣಂತನಕ್ಕೆ ಅಕ್ಕ ಹೊರಟಳು. ಒಂದೂವರೆ ತಿಂಗಳ ಮಾತು. ನಾನು ಅವಳಿಗೆ ಲ್ಯಾಂಡ್‌ಸ್ಕೇಪಿನ ಸುದ್ದಿ ಹೇಳಲಿಲ್ಲ. ಬಂದಾಗ ಬೆರಗಾಗಲಿ ಎಂದು ಹೇಳಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಹೇಳಿದರೆ ಬೇಡ ಎನ್ನುತ್ತಾಳೆ ಎಂಬುದೇ ನಿಜವಾದ ಕಾರಣ. ಆಟೋ ಹತ್ತುವಾಗ ಅವಳು ಹೇಳಿದ್ದು ಒಂದೇ ಮಾತು: "ಬಚ್ಚಲ ನೀರಿಗೆ ಕಸ ಅಡ್ಡ ಬರ್ತೈತಿ. ಕಣಗಿಲಕ್ಕ ನೀರು ಹೋಗೂದು ನೋಡ್ಕೋ ತಮ್ಮಾ." ನಾನು "ಆತು ಬಿಡಕ್ಕಾ" ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿರೆಂದು ಬೋಧಿಸಿದ ಬಾಯಿ ಅದು.

ಕೆಲಸಕ್ಕೆ ಬಿಂಕದಕಟ್ಟಿ ಊರಿನ ಇಬ್ಬರು ಆಳುಗಳು ಬಂದರು. ಮಲ್ಲಿಗೆ, ದಾಸವಾಳ ಎಲ್ಲ ಒಂದು ಹೊತ್ತಿನಲ್ಲಿ ಹೋದವು. ಕರಿಬೇವನ್ನು ಮಾತ್ರ ನನ್ನ ಹೆಂಡತಿ ಅಡ್ಡ ನಿಂತು ಉಳಿಸಿಕೊಂಡಳು. ಕಣಗಿಲೆಯ ಹತ್ತಿರ ಬಂದಾಗ ಇಬ್ಬರಲ್ಲಿ ಹಿರಿಯವನು ಕೈಯಲ್ಲಿದ್ದ ಹಾರೆಯನ್ನು ನೆಲಕ್ಕೂರಿ ನಿಂತ.

"ಅಕ್ಕಾರು ಊರಾಗಿಲ್ಲೇನ್ರಿ?"

"ಇಲ್ಲ. ಯಾಕ?"

"ಏನಿಲ್ರಿ. ಗಿಡ ಚಲೋ ಐತಿ. ನೀರೂ ಕೇಳಂಗಿಲ್ಲ, ದನಾನೂ ಮುಟ್ಟಂಗಿಲ್ಲ. ಬಿಟ್ರ ಇರ್ತಿತ್ತು."

ನಾನು ಅವನಿಗೆ ಸೌಂದರ್ಯದ ಬಗ್ಗೆ ಹತ್ತು ನಿಮಿಷ ತಿಳಿಸಿ ಹೇಳಿದೆ. ಅವನು ಪೂರ್ತಿ ಕೇಳಿದ, ಬೀಡಿ ಮುಗಿಸಿದ, ಅಗೆಯಲು ಸುರು ಮಾಡಿದ. ಮಧ್ಯಾಹ್ನವಿಡೀ ಹಿಡಿಯಿತು. ಬೇರು ನಮ್ಮ ಬಚ್ಚಲಿನ ಗೋಡೆಯ ಅಡಿಗೂ ಹೋಗಿತ್ತು. ಟ್ರ್ಯಾಕ್ಟರಿಗೆ ಹೇರುವ ಮುಂಚೆ, "ಒಂದ್ ಟೊಂಗಿ ಮುರದು ಇಟ್ಕೊಳ್ರಿ," ಎಂದ. "ಬ್ಯಾಡ ಒಯ್ಯಿ," ಎಂದೆ. ಹೂವಿದ್ದ ಹಾಗೇ ಒಯ್ದರು.

ಇಲ್ಲಿ ನಮ್ಮ ಮಣ್ಣಿನ ಬಗ್ಗೆ ಒಂದು ಮಾತು. ಗದಗಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಇದು ಇಲ್ಲಿ ಎಮ್ಮೆ ಕಾಯುವವರಿಗೂ ಗೊತ್ತು. ಅದಕ್ಕೇ ಇಲ್ಲಿ ಮನೆ ಕಟ್ಟುವವರು ಕೆಳಗೆ ಆಳದವರೆಗೆ ಗಟ್ಟಿ ಗರಸು ಮಣ್ಣು ತುಂಬುತ್ತಾರೆ. ಡಿಸೈನರನಿಗೆ ನಾನು ಇದನ್ನು ಹೇಳಿದೆ. ಅವನು, "ನಾವು ಇಂಪೋರ್ಟೆಡ್ ಶೀಟ್ ಹಾಕ್ತೀವಿ ಸರ್," ಎಂದ. ಹೊರದೇಶದ ಶೀಟು ಎಂದ ಮೇಲೆ ನಮ್ಮ ಎರೆಮಣ್ಣು ಮರ್ಯಾದೆಯಿಂದ ನಡೆದುಕೊಂಡೀತು ಎಂದು ನಾನೂ ಸುಮ್ಮನಾದೆ. ಲಾರಿಯಲ್ಲಿ ಚಾಪೆಯಂತೆ ಸುತ್ತಿದ ಹುಲ್ಲು ಬಂತು. ಎರಡಡಿ ಆಳದ, ಐದು ಮೆಟ್ಟಿಲಿನ ಐತಿಹಾಸಿಕ ಬಾವಿ ಸಿದ್ಧವಾಯಿತು. ಎರಡು ಕಬ್ಬಿಣದ ಕುರ್ಚಿ ಬಂದವು. ಬಿಸಿಲಿಗೆ ಕಾದು ಅವುಗಳ ಮೇಲೆ ರೊಟ್ಟಿ ಬೇಯಿಸಬಹುದಿತ್ತು, ಕೂಡ್ರುವುದು ಮಾತ್ರ ಯಾರಿಂದಲೂ ಆಗಲಿಲ್ಲ.

ಯುಗಾದಿಗೆ ನಾಲ್ಕು ದಿನ ಮೊದಲು ಅಕ್ಕ ಬಂದಳು. ಕೈಯಲ್ಲಿ ಬಟ್ಟೆಯ ಚೀಲ, ಅದರಿಂದ ಹೊರಗಿಣುಕುವ ಒದ್ದೆ ಬಟ್ಟೆಯ ಗಂಟು. ಶಿರಹಟ್ಟಿಯಲ್ಲೂ ಯಾರದೋ ಹಿತ್ತಿಲಿಗೆ ಕೈ ಹಾಕಿದ್ದಳು. ಎಂದಿನಂತೆ ಚೀಲ ಇಡದೆ ಸೀದಾ ಹಿಂಬಾಗಿಲಿಗೆ ನಡೆದಳು. ನಾನು ಹಿಂದೆಯೇ ಹೋದೆ, ಮುಖದ ಮೇಲೆ ಬಹುಮಾನ ವಿತರಣೆಯ ನಗು ಇಟ್ಟುಕೊಂಡು.

ಹೊಸ್ತಿಲಲ್ಲಿ ನಿಂತಳು. ಹುಲ್ಲು ನೋಡಿದಳು, ಕುರ್ಚಿ ನೋಡಿದಳು, ಕೊಳ ನೋಡಿದಳು.

"ಬಚ್ಚಲ ನೀರು ಎಲ್ಲಿ ಹೊಕ್ಕೈತಿ ಈಗ?"

"ಪೈಪ್ ಹಾಕಿಸೀನಿ ಅಕ್ಕಾ. ಸೀದಾ ಗಟಾರಕ್ಕ."

ಬಚ್ಚಲ ಗೋಡೆಯ ಬುಡ ನೋಡಿದಳು. ಆಮೇಲೆ, "ಚಂದ ಆಗೈತಿ," ಎಂದಳು. ಕೈಯಲ್ಲಿದ್ದ ಗಂಟನ್ನು ಎಲ್ಲಿ ಇಡಬೇಕೆಂದು ತಿಳಿಯದವಳಂತೆ ಆ ಕೈಯಿಂದ ಈ ಕೈಗೆ ತೆಗೆದುಕೊಂಡಳು. ಒಳಗೆ ಹೋಗಿ ಅಡಿಗೆಮನೆಯ ಕಿಟಕಿಯಲ್ಲಿ ಇಟ್ಟಳು. ಅಲ್ಲೇ ಅದು ಒಣಗಿತು. ಬೈಯುತ್ತಾಳೆಂದು ನಾನು ಎರಡು ದಿನ ಉತ್ತರ ತಯಾರಿಸಿಕೊಂಡು ಓಡಾಡಿದೆ. ಪರೀಕ್ಷೆಯೇ ಆಗಲಿಲ್ಲ.

ಅಂದಿನಿಂದ ಅಕ್ಕ ಹಿತ್ತಿಲಿಗೆ ಹೋಗುವುದನ್ನು ಬಿಟ್ಟಳು. ಹೋಗಲೇಬೇಕಾದಾಗ, "ಹುಲ್ಲು ತುಳದ್ರ ನಡೀತೈತೇನು?" ಎಂದು ಕೇಳಿ, ಅಂಚಿನ ಫರಸಿಗಲ್ಲಿನ ಮೇಲೆಯೇ ನಡೆದು ಬರುತ್ತಿದ್ದಳು. ಹೂವಿಗೆ ಬರುತ್ತಿದ್ದ ಹೆಂಗಸರು ಒಂದೆರಡು ದಿನ ಬಂದು, ಇಣುಕಿ, "ಭಾಳ ಚಂದ ಮಾಡ್ಸೀರಿ ಸರ್ರ," ಎಂದು ನನಗೇ ಹೇಳಿ ಹೋದರು. ಮತ್ತೆ ಬರಲಿಲ್ಲ. ಅಕ್ಕ ಮುಂದಿನ ಕಟ್ಟೆಯ ಮೇಲೆ ನನ್ನ ಹೆಸರಿನ ಫಲಕದ ಕೆಳಗೆ ಕೂತು ಜೋಳ ಹಸನು ಮಾಡತೊಡಗಿದಳು. ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದಳು. ಬಂದ ನೆಂಟರಂತೆ ಊಟಕ್ಕೆ ಕರೆದಾಗ ಬಂದು ಉಂಡು ಹೋಗುತ್ತಿದ್ದಳು. ನನಗೆ ಇದು ಸಿಟ್ಟು ತರಿಸಿತು. ಒಂದು ಹೈವೇ ಗಿಡಕ್ಕಾಗಿ ಇಷ್ಟೆಲ್ಲ ಏಕೆ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಆ ವಾರ ಹುಲ್ಲಿಗೆ ಬಿಟ್ಟ ನೀರು ಎಷ್ಟು ಕೊಡ ಎಂದು ಮಾತ್ರ ಕೇಳಿದಳು.

ಎಪ್ರಿಲ್ಲಿನ ಬಿಸಿಲಿಗೆ ಹುಲ್ಲು ಮೊದಲು ಹಳದಿ ಆಯಿತು, ಆಮೇಲೆ ಕಂದು. ಟ್ಯಾಂಕರು ತರಿಸಿದೆ. ಡಿಸೈನರನಿಗೆ ಫೋನು ಮಾಡಿದರೆ, "ಬಣ್ಣ ಸೆಟ್ ಆಗ್ತಾ ಇದೆ ಸರ್," ಎಂದ. ಮೇ ತಿಂಗಳಲ್ಲಿ ನಮ್ಮ ಎರೆಮಣ್ಣು ಹೊರದೇಶದ ಶೀಟಿಗೆ ತನ್ನ ಪರಿಚಯ ಮಾಡಿಕೊಟ್ಟಿತು. ಕೊಳ ನಡುವೆ ಸೀಳಿತು, ಐತಿಹಾಸಿಕ ಬಾವಿಯ ನೀರೆಲ್ಲ ಒಂದೇ ಮಧ್ಯಾಹ್ನದಲ್ಲಿ ಪಾತಾಳಕ್ಕೆ ಹೋಯಿತು. ಲ್ಯಾಂಡ್‌ಸ್ಕೇಪನ್ನು ಮನಸಾರೆ ಮೆಚ್ಚಿದ ಜೀವ ಒಂದೇ ಒಂದು. ಗೇಟು ತೆರೆದಿದ್ದಾಗ ನುಗ್ಗಿದ ಯಾರದೋ ಎಮ್ಮೆ, ಉಳಿದ ಹಸಿರನ್ನು ಒಂದು ತಾಸಿನಲ್ಲಿ ಮುಗಿಸಿ, ಕೊಳದ ಮೆಟ್ಟಿಲ ಮೇಲೆ ತನ್ನ ಅಭಿಪ್ರಾಯ ಇಟ್ಟು ಹೋಯಿತು. ಗಣಿತದ ಮಾಸ್ತರರ ಮನೆಯ ಕಲ್ಲಿನ ಮೀನು ಕೂಡ ಉಗುಳುವುದನ್ನು ನಿಲ್ಲಿಸಿದೆ ಎಂದು ಕೇಳಿ ತುಸು ಸಮಾಧಾನವಾಯಿತು.

ಅಕ್ಕನಿಗೆ ಸಮಾಧಾನ ಮಾಡಬೇಕಲ್ಲ. ನರ್ಸರಿಗೆ ಹೋಗಿ ಐದು ಕಣಗಿಲೆ ತಂದೆ, ಹೂವು ಬಿಟ್ಟವು, ಕುಂಡದ ಸಮೇತ. ಕಟ್ಟೆಯ ಮೇಲೆ ಅವಳ ಮುಂದೆ ಸಾಲಾಗಿ ಇಟ್ಟೆ. "ಒಂದು ತಗದಿದ್ದಕ್ಕ ಐದು ತಂದೀನಿ ನೋಡಕ್ಕಾ," ಎಂದೆ.

ಅಕ್ಕ ಒಂದೊಂದನ್ನೂ ನೋಡಿದಳು. "ಚಲೋ ಅದಾವ," ಎಂದು ಮೊರ ಎತ್ತಿಕೊಂಡಳು. ಐದು ಕಣಗಿಲೆ ಕೊಟ್ಟರೂ ಒಂದರ ಬಾಕಿ ತೀರಲಿಲ್ಲ ಎಂದರೆ ಮಾಸ್ತರನಾದವನಿಗೆ ತಲೆ ಕೆಡುತ್ತದೆ.

ಕಡೆಗೆ ದಾರಿ ತೋರಿಸಿದವಳು ನನ್ನ ಹೆಂಡತಿ. "ಆ ಗಿಡ ಎಲ್ಲೆ ಹೋಗೈತ್ರಿ? ಓಣಿ ತುಂಬ ಐತಿ. ನಿಮ್ಮ ಅಕ್ಕಾರು ಮಂದಿ ಮನಿಯಾಗ ಕದ್ರು, ಮಂದಿ ಅಕ್ಕಾರ ಗಿಡ ಕದ್ರು. ಮೂಲಿ ಮನಿ ಮಗ್ಗದವರ ಹಿತ್ತಲದಾಗ ಐತಲ್ಲ, ಅದ ಟೊಂಗಿ ಅದು. ಆ ಮನಿಯಾಕಿ ಮುರಿಯೂದನ್ನ ನಾನ ನೋಡಿ ಮುಖ ತಿರವೀನಿ."

"ಹಂಗಾದ್ರ ಕೇಳಿ ತರ್ತೀನಿ."

"ಕೇಳಿ ತಂದ್ರ ಚಿಗಿಯಂಗಿಲ್ಲ. ಅಕ್ಕಾರ ಕೈಯಾಗ ಮತ್ತೊಂದು ಒಣಕಡ್ಡಿ ಇಡತೀರೇನು?"

ಹೀಗೆ ಜೂನಿನ ಮಿರಗದ ಮೊದಲ ಮಳೆ ಬಿದ್ದ ಮಾರನೆಯ ದಿನ, ಪೇರಲ ಹಣ್ಣು ಕದ್ದ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿ ಪ್ರಸಿದ್ಧನಾದ ಮುಖ್ಯೋಪಾಧ್ಯಾಯ, ಊಟದ ನಂತರ ಓಣಿಯೆಲ್ಲ ಅಡ್ಡಾಗಿದ್ದ ಹೊತ್ತಿಗೆ, ಮೂಲೆಮನೆಯ ಕಂಪೌಂಡಿನ ಹತ್ತಿರ ನಿಂತಿದ್ದ. ಕಂಕುಳಲ್ಲಿ ಪೇಪರು. ಒಳಗೆ ಮಗ್ಗ ಬಡಿಯುತ್ತಿತ್ತು. ಮನೆಯಲ್ಲಿ ಜನ ಇದ್ದಾರೆ, ರೀತಿ ರಿವಾಜಿನ ಪ್ರಕಾರ ಸರಿ. ಕೈ ಚಾಚಿದೆ, ನಿಲುಕಲಿಲ್ಲ. ಕಲ್ಲಿನ ಮೇಲೆ ಕಾಲಿಟ್ಟು ಹತ್ತಿದೆ. ಕಣಗಿಲೆ ಟೊಂಗೆ ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ, ಬಾಗುತ್ತದೆ, ಸಿಪ್ಪೆ ಸುಲಿಯುತ್ತದೆ, ಕೈಗೆ ಹಾಲು ಹತ್ತುತ್ತದೆ. ನಾನು ಅದನ್ನು ತಿರುವಿ ತಿರುವಿ ಎಳೆಯುತ್ತಿರುವಾಗ ಅಡಿಗೆಮನೆಯ ಕಿಟಕಿಯಲ್ಲಿ ಆ ಮನೆಯಾಕೆಯ ಮುಖ ಕಂಡಿತು. ಮೂರು ಅಡಿ ದೂರ. ಕಣ್ಣಿಗೆ ಕಣ್ಣು ಕೂಡಿತು.

ಆಕೆಯ ಮಗ ನನ್ನ ಕೈಯಲ್ಲಿ ಕಲಿತವನು.

ಆಕೆ ನಿಧಾನವಾಗಿ ಮುಖ ತಿರುಗಿಸಿದಳು. ಒಳಗಿನಿಂದ ಯಾರೋ, "ಯಾರದು ಸಪ್ಪಳ?" ಎಂದು ಕೇಳಿದರು.

"ಯಾರಿಲ್ಲ ತಗೋರಿ. ಗಾಳಿ ಐತಿ," ಎಂದಳು.

ಎಲೆ ಅಲುಗಾಡದ ಮಧ್ಯಾಹ್ನ ಅದು. ನಾನು ಟೊಂಗೆ ಮುರಿದುಕೊಂಡು ಇಳಿದೆ. ಅಂಗಿ ಒಂದು ಮೊಳೆಗೆ ಸಿಕ್ಕಿ ಹರಿಯಿತು. ಪೇಪರಿನಲ್ಲಿ ಸುತ್ತಿಕೊಂಡು, ಮಳಿಗೆಗೆ ಹೋಗಿ ಬರುವ ಗೃಹಸ್ಥನ ಠೀವಿಯಲ್ಲಿ ಮನೆಗೆ ಬಂದೆ. ಸುಳ್ಳೇಕೆ, ನನಗೆ ಖುಷಿಯೇ ಆಗಿತ್ತು.

ಅಕ್ಕ ಕಟ್ಟೆಯ ಮೇಲೆ ಇದ್ದಳು. ಪೇಪರು ಬಿಚ್ಚಿ ಅವಳ ಮುಂದೆ ಹಿಡಿದೆ. ಟೊಂಗೆ ನೋಡಿದಳು, ನನ್ನ ಹರಿದ ಅಂಗಿ ನೋಡಿದಳು.

"ಮಗ್ಗದವರ ಮನೀದು," ಎಂದಳು.

"ಹೂಂ."

"ಕದ್ದಿಯೇನು?"

"ಹೂಂ."

ಅಕ್ಕ ನಕ್ಕಳು. ಶಿರಹಟ್ಟಿಯಿಂದ ಬಂದ ಮೇಲೆ ಮೊದಲ ಸಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಸೆರಗಿನಿಂದ ಒರೆಸಿಕೊಂಡು ಟೊಂಗೆಯನ್ನು ಕೈಗೆ ತೆಗೆದುಕೊಂಡಳು. ನಾನು ಗೆದ್ದೆ ಎಂದುಕೊಂಡು ಪಕ್ಕದಲ್ಲಿ ಕೂತೆ. "ನೀನೂ ಕದ್ದು ತಂದಿ, ನಾನೂ ಕದ್ದು ತಂದೆ. ಲೆಕ್ಕ ಸರಿ ಆತು," ಎಂದೆ.

"ನಾ ಕದ್ದಿದ್ದಿಲ್ಲೋ ಅದನ್ನ," ಎಂದಳು ಅಕ್ಕ.

ನಾನು ಅವಳ ಮುಖ ನೋಡಿದೆ.

"ಉಳದದ್ದೆಲ್ಲಾ ಕದ್ದದ್ದು ಖರೆ. ಅದೊಂದು ಕದ್ದದ್ದಲ್ಲ. ನಾ ಹೊಂಟ ದಿನ ನಮ್ಮ ಅತ್ತಿ ಹಿತ್ತಲಕ್ಕ ಕರ್ಕೊಂಡು ಹೋಗಿ ತನ್ನ ಕೈಲೆ ಮುರದು ಕೊಟ್ಟಿದ್ಲು. ಗಂಡಸರು ಹೊರಗ ಗಾಡಿ ಹತ್ರ ನಿಂತಿದ್ರು. ಆಕಿ ಅಂದ್ಲು, 'ಈ ಮನ್ಯಾಗ ನಿನಗ ಜಾಗ ಉಳಸಾಕ ನನ್ನ ಕೈಲೆ ಆಗಲಿಲ್ಲವ್ವಾ. ಇದನ್ನ ತಗೊಂಡು ಹೋಗು. ಯಾರನ್ನೂ ಕೇಳದ ಇದನ್ನ ಎಲ್ಲೆ ಹಚ್ಚಾಕ ಬರ್ತೈತಿ, ಅದ ನಿನ್ನ ಮನಿ ಅಂತ ತಿಳಕೋ.'"

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ? ಎಲ್ಲಾರೂ ಕಳ್ಳಿ ಕಳ್ಳಿ ಅಂತ ನಕ್ಕಾಗ…"

"ಕದ್ದದ್ದು ಅಂದ್ರ ನಕ್ಕು ಬಿಡತಿದ್ರಿ. ಕೊಟ್ಟದ್ದು ಅಂದಿದ್ರ ಯಾಕ ಕೊಟ್ಲು, ಏನಂದು ಕೊಟ್ಲು, ಎಲ್ಲಾ ಹೇಳಬೇಕಾಗ್ತಿತ್ತು." ಅಷ್ಟು ಹೇಳಿ ಟೊಂಗೆಯ ಕೆಳಗಿನ ಎಲೆಗಳನ್ನು ಒಂದೊಂದಾಗಿ ಕಿತ್ತು ತೆಗೆದಳು.

ಇಟ್ಟಿಗೆ ಚೂರು ಸರಿಸಿ ಅವಳು ಕಡ್ಡಿ ಊರಿದ ಆ ದಿನ, ನನ್ನನ್ನು ಕೇಳಲಿಲ್ಲವೆಂದು ಒಳಗೊಳಗೇ ಬುಸುಗುಟ್ಟಿದ್ದೆನಲ್ಲ. ನನಗೆ ತಲೆಯೆತ್ತಲು ಆಗಲಿಲ್ಲ.

ಅಕ್ಕ ಎದ್ದು ನಿಂತಳು. ಒಳಗೆ ಹೋಗುತ್ತಾಳೆ, ಎಂದಿನಂತೆ ಸೀದಾ ಹಿಂದೆ ನಡೆಯುತ್ತಾಳೆ ಎಂದುಕೊಂಡೆ. ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಎಲ್ಲೆ ಹಚ್ಚಲಿ ತಮ್ಮಾ? ಎಲ್ಲೆ ಹಚ್ಚಿದ್ರ ನಿನಗ ಅಡ್ಡಿ ಆಗಂಗಿಲ್ಲ?"

ವ್ಯಂಗ್ಯವಿರಲಿಲ್ಲ ಅದರಲ್ಲಿ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ವ್ಯಂಗ್ಯ ನನ್ನ ಕಸುಬು, ಅದಕ್ಕೆ ಉತ್ತರ ನನಗೆ ಬರುತ್ತದೆ. ಅವಳು ನಿಜವಾಗಿಯೂ ಕೇಳುತ್ತಿದ್ದಳು.

"ನಿನಗ ಎಲ್ಲೆ ಬೇಕೋ ಅಲ್ಲೆ ಹಚ್ಚಕ್ಕಾ," ಎಂದೆ. "ಆತು," ಎಂದಳು.

ಮರುದಿನ ನಾನೇ ಹಾರೆ ತಂದು ಕೊಳ ಒಡೆದೆ. ಪೈಪು ಕಿತ್ತು ಬಚ್ಚಲ ನೀರನ್ನು ಮೊದಲಿನ ದಾರಿಗೆ ಬಿಟ್ಟೆ. ಹಳೆಯ ಜಾಗದಲ್ಲೇ ಅಕ್ಕ ಊರಿದ ಟೊಂಗೆ ಚಿಗಿಯಿತು. ಕದ್ದದ್ದಲ್ಲವೇ, ಚಿಗಿಯದೆ ಏನು ಮಾಡೀತು. ಈಗ ಸೊಂಟದಷ್ಟು ಬಂದಿದೆ, ಮೊನ್ನೆ ಮೊದಲ ಗೊಂಚಲು ಬಿಟ್ಟಿತು. ಮಲ್ಲಿಗೆಯೂ ಓಣಿಯ ಇನ್ನೊಂದು ಮನೆಯಿಂದ ತಿರುಗಿ ಬಂತು. ಹೆಂಗಸರು ಹಿಂಬಾಗಿಲಿಗೆ ಬರತೊಡಗಿದ್ದಾರೆ. ಹೀರೆಬಳ್ಳಿಯ ಮೇಲೆ ನನ್ನ ಬನಿಯನ್ನು ಒಣಗುತ್ತದೆ. ನೋಡಿದವರು ಎಲ್ಲ ಮೊದಲಿನಂತೆ ಆಯಿತು ಎನ್ನುತ್ತಾರೆ, ನಾನು ಹೂಂ ಎನ್ನುತ್ತೇನೆ. ಆದರೆ ಅಕ್ಕ ಈಗ ಒಂದು ಹಿಡಿ ಕೊತ್ತಂಬರಿ ಬೀಜ ಚೆಲ್ಲಬೇಕಾದರೂ, ಅಂಗೈಯಲ್ಲಿ ಹಿಡಿದುಕೊಂಡು ಬಂದು, ನಾನು ಪೇಪರು ಓದುವುದು ಮುಗಿಯುವವರೆಗೆ ಬಾಗಿಲಲ್ಲಿ ಕಾದು ನಿಂತು, "ಇಲ್ಲೆ ಹಾಕಲೇನೋ?" ಎಂದು ಕೇಳುತ್ತಾಳೆ.